ಪದೇ ಪದೇ ಕಳಚಿದ ಕೆಂಪು ಹರಳು

ಬರ ಬಿದ್ದ ಎರಡನೆಯ ವರ್ಷ ಮರಾಠಿ ಸೀಮೆಯ ನಿಲಂಗಾದಲ್ಲಿ ಹೊಸ ಉಂಗುರ ಮಾಡಿಸುವವರು ಯಾರೂ ಉಳಿದಿರಲಿಲ್ಲ. ಬಂಗಾರ ಮಾರುವವರು ನೇರವಾಗಿ ಸರಾಫರ ದೊಡ್ಡ ಅಂಗಡಿಗಳಿಗೆ ಹೋಗುತ್ತಿದ್ದರು. ನನ್ನ ಬಳಿ ಬರುತ್ತಿದ್ದವರು ಹರಳು ಉದುರಿಸಿಕೊಂಡ ಹೆಂಗಸರು ಮಾತ್ರ. ಟ್ಯಾಂಕರಿನ ಪೈಪು ಜಗ್ಗಿ, ಕೊಡದ ಕಂಠಕ್ಕೆ ಕೈ ಬಡಿದುಕೊಂಡು, ಕೈಪಂಪಿನ ಹಿಡಿಕೆಗೆ ಉಂಗುರ ತಾಗಿಸಿಕೊಂಡು ಬರುತ್ತಿದ್ದರು. ಉಂಗುರ ನೋಡಿದರೆ ಸಾಕು, ಆ ಮನೆಗೆ ನೀರು ಹೇಗೆ ಬರುತ್ತದೆಂದು ಹೇಳುವಷ್ಟು ನನಗೆ ರೂಢಿಯಾಗಿತ್ತು. ಒಳಬದಿ ಸವೆದಿದ್ದರೆ ಹಗ್ಗದ ಬಾವಿ. ಮೇಲ್ಬದಿ ಜಜ್ಜಿದ್ದರೆ ಟ್ಯಾಂಕರಿನ ನೂಕುನುಗ್ಗಲು. ಉಂಗುರಕ್ಕೆ ಏನೂ ಆಗಿರದಿದ್ದರೆ ಮನೆಯಲ್ಲೊಬ್ಬ ಸೊಸೆ ಇದ್ದಾಳೆ ಎಂದರ್ಥ.

ನಾನು ಬಂಗಾರದ ಕೆಲಸದ ಪತ್ತಾರರ ಮಗಳು, ಭಾಲ್ಕಿ ಕಡೆಯವಳು. ಬಂಗಾರ ಕರಗಿಸುವುದು, ಬಡಿಯುವುದು ಗಂಡಸರ ಕೆಲಸ ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಆದರೆ ಹರಳು ಕೂಡಿಸುವುದಕ್ಕೆ ಹಗುರ ಕೈ ಬೇಕು ಎಂದು ನಮ್ಮಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ಮದುವೆಯಾಗಿ ನಿಲಂಗಾಕ್ಕೆ ಬಂದ ಮೇಲೆ ಗಂಡ ಬಂಗಾರ ಬಡಿಯುತ್ತಿದ್ದರು, ನಾನು ಹರಳು ಕೂಡಿಸುತ್ತಿದ್ದೆ. ಬಡಿಯುವ ಕೆಲಸ ನಿಂತುಹೋದದ್ದೇ ಅವರು ಪುಣೆಯ ಒಂದು ಕಾರ್ಖಾನೆಗೆ ಹೊರಟುಹೋದರು. ಅಂಗಡಿ ಮುಚ್ಚಿ ನೀನೂ ಬಾ ಎಂದರು. ನಾನು ಹೋಗಲಿಲ್ಲ. ಅಂಗಡಿ ಮುಚ್ಚಿದರೆ ನಾನು ಬರೀ ಪತ್ತಾರನ ಹೆಂಡತಿಯಾಗಿ ಉಳಿಯುತ್ತಿದ್ದೆ. ಅಲ್ಲಿಯವರೆಗೆ ನಾನೇ ಪತ್ತಾರಳಾಗಿದ್ದೆ.

ಹಟ ಮಾಡಿ ಉಳಿದೆನೇನೋ ಸರಿ, ಉಳಿದ ಮೇಲೆ ಗೊತ್ತಾಯಿತು. ಹಗಲೆಲ್ಲ ಗಿರಾಕಿಗಳ ಜೊತೆ ಮರಾಠಿ. ನೀರಿನ ಸರದಿಯಲ್ಲಿ ಮರಾಠಿ. ಬಾಗಿಲು ಹಾಕಿಕೊಂಡ ಮೇಲೆ ಯಾವ ಭಾಷೆಯೂ ಇಲ್ಲ. ಭಾನುವಾರ ಗಂಡನ ಫೋನು ಬಂದಾಗ ಮಾತ್ರ ಕನ್ನಡ, ಅದೂ ಊಟ ಆಯ್ತೇನು, ನೀರು ಬಂತೇನು ಅನ್ನುವಷ್ಟೇ. ಒಂದು ದಿನ ನಾನು ಒರೆಗಲ್ಲಿಗೆ ಬೈಯುತ್ತಿದ್ದೇನೆ ಎಂಬುದು ನನಗೇ ಕೇಳಿಸಿತು. ನಗು ಬರಲಿಲ್ಲ, ಅಳು ಬಂತು.

ಆ ದಿನಗಳಲ್ಲೇ ಖಾನಾವಳಿಯಾಕೆ ಬಂದದ್ದು.

ಬಸ್‌ಸ್ಟ್ಯಾಂಡಿನ ಎದುರಿಗೆ ಅವರ ಲಿಂಗಾಯತ ಖಾನಾವಳಿ. ಅತ್ತೆ ಹಣದ ಗಲ್ಲೆಯ ಮೇಲೆ, ಸೊಸೆ ಒಲೆಯ ಮುಂದೆ. ಬರ ಎಲ್ಲರ ಬಾಯಿಗೆ ಮಣ್ಣು ಹಾಕಿದರೂ ಅವರ ಖಾನಾವಳಿಗೆ ಮಾತ್ರ ಗಿರಾಕಿ ತಂದಿತ್ತು. ಬೋರ್‌ವೆಲ್ ಕೊರೆಯುವ ಗಾಡಿಗಳವರು, ಟ್ಯಾಂಕರ್ ಡ್ರೈವರುಗಳು, ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ಸೊಸೆ ನಲವತ್ತರ ಆಸುಪಾಸಿನವಳು, ಬೆಳಗಿನಿಂದ ಕತ್ತಲಾಗುವವರೆಗೆ ಜೋಳದ ರೊಟ್ಟಿ ಬಡಿಯುವುದೇ ಕೆಲಸ.

ಅಂಗಡಿಯ ಕಟ್ಟೆ ಹತ್ತಿ ಸೆರಗಿನ ಗಂಟು ಬಿಚ್ಚಿದಳು. ಒಂದು ಉಂಗುರ, ಒಂದು ರೊಟ್ಟಿ ಚೂರು. ರೊಟ್ಟಿ ಚೂರಿನೊಳಗೆ ಹರಳು.

"ಹಾ ಖಡಾ ಪಡಲಾ..." ಈ ಹರಳು ಬಿತ್ತು ಎಂದು ಮರಾಠಿಯಲ್ಲಿ ಶುರು ಮಾಡಿ, ನನ್ನ ಗೋಡೆಯ ಮೇಲಿದ್ದ ಕನ್ನಡ ಪಂಚಾಂಗ ನೋಡಿ ನಿಲ್ಲಿಸಿದಳು. "ಕನ್ನಡ ಬರ್ತದೇನ್ರೀ ನಿಮಗ?"

"ಭಾಲ್ಕಿ ಕಡ್ಯಾಕಿ ಇದ್ದೀನವ್ವಾ, ಬರ್ಲಾರ್ದ ಏನು?"

ಆಕೆ ಅಲ್ಲೇ ಕುಸಿದು ಕೂತಳು. ಔರಾದ ಕಡೆಯವಳಂತೆ. ಇಪ್ಪತ್ತು ವರ್ಷದ ಮೇಲಾಯಿತಂತೆ ಬಂದು. ಹರಳಿನ ಮಾತು ಮರೆತು ಔರಾದದ ಮಾತು ಶುರುವಾಯಿತು. ನಾನೇ ನೆನಪು ಮಾಡಿಕೊಡಬೇಕಾಯಿತು.

"ಬೋರಿನ ಗಾಡಿ ಡ್ರೈವರಗ ರೊಟ್ಟ್ಯಾಗ ಸಿಕ್ತರೀ ಇದು. ಹಲ್ಲು ಮುರೀಲಿಲ್ಲ, ಪುಣ್ಯೇ. ನಮ್ಮತ್ತಿ ನನ್ ಜೀವಾ ತಿಂದ್ಳು. ಖಾನಾವಳಿ ಹೆಸ್ರು ಕೆಡ್ತದ, ಮದ್ಲ ಅದನ್ನ ನೆಟ್ಟಗ ಮಾಡ್ಸಿಕೊಂಡ್ ಬಾ ಅಂತ ಕಳಿಸ್ಯಾಳ."

"ರೊಟ್ಟಿ ಬಡ್ಯಾಗ ಉಂಗರಾ ತಗದಿಡ್ಬೇಕಲ್ಲ?"

"ನಮ್ಮವ್ವಂದದ ರೀ ಇದು. ಆಕಿ ಕಿವ್ಯಾನ ಹರಳು, ಆಕಿ ಕಿವ್ಯಾನ ಬಂಗಾರ. ಸತ್ತಾಗ ನನ್ ಪಾಲಿಗಿ ಬಂದದ್ದು ಇಷ್ಟೇ. ತಗದಿಟ್ರ ಯಾರ್ ಯಾರ್ ಕೈಗ ಹೋಗ್ತದೋ."

ಮಸೂರದಿಂದ ನೋಡಿದೆ. ಹಳೆಯ ಕಾಲದ ಗುಂಡಿಯಾಕಾರದ ಕೆಂಪು, ಅಂದರೆ ಮಾಣಿಕ್ಯ. ಮೂಲೆಗಳಿಲ್ಲ, ಮೇಲೆ ಬೆಣ್ಣೆಯ ಉಂಡೆಯಂತೆ ದುಂಡಗೆ. ಬಂಗಾರದ ನಾಲ್ಕು ಉಗುರುಗಳ ಹಿಡಿತದಲ್ಲಿ ಕೂಡಿಸಿದ್ದರು, ಒಂದು ಉಗುರು ಮುರಿದಿತ್ತು, ಉಳಿದವು ಸವೆದು ಕೂದಲೆಳೆಯಾಗಿದ್ದವು. ತಳ ತೆರೆದಿತ್ತು. ನಮ್ಮ ಕಡೆ ಹರಳು ಮೈಗೆ ತಾಗಬೇಕು, ತಾಗದಿದ್ದರೆ ಅದರ ಗುಣ ಹತ್ತುವುದಿಲ್ಲ ಎನ್ನುತ್ತಾರೆ. ಅದಕ್ಕೇ ತಳ ಮುಚ್ಚುವುದಿಲ್ಲ. ಆ ತೆರೆದ ತಳದಿಂದಲೇ ಜೋಳದ ಹಿಟ್ಟು ಒಳಗೆ ಹೋಗಿತ್ತು. ಬಿಸಿನೀರಿನಲ್ಲಿ ನಾದಿದ ಹಿಟ್ಟು ಸಂದಿಗೆ ಸೇರಿ ಒಣಗುತ್ತದೆ, ಮರುದಿನ ಹಸಿ ತಾಗಿ ಉಬ್ಬುತ್ತದೆ, ಮತ್ತೆ ಒಣಗುತ್ತದೆ. ದಿನಕ್ಕಿಷ್ಟು ದಿನಕ್ಕಿಷ್ಟು ಹರಳನ್ನು ಕೆಳಗಿನಿಂದ ಎತ್ತುತ್ತ ಬಂದಿತ್ತು. ಬೇರೆ ಊರಿನ ಪತ್ತಾರರಿಗೆ ಈ ತೊಂದರೆ ಗೊತ್ತಾಗಲು ಸಾಧ್ಯವಿಲ್ಲ. ತಳ ತೆರೆದ ಉಂಗುರವೂ ಇರಬೇಕು, ದಿನವಿಡೀ ರೊಟ್ಟಿ ಬಡಿಯುವ ಕೈಯೂ ಇರಬೇಕು.

ತಳ ಮುಚ್ಚಿಬಿಡುತ್ತೇನೆ ಎಂದೆ. ಒಪ್ಪಲಿಲ್ಲ. ಹರಳು ಮೈಗೆ ಹತ್ತಬೇಕು ಅಂದಳು. ಉಗುರುಗಳಿಗೆ ಹದಿನೆಂಟು ಕ್ಯಾರೆಟ್ಟಿನ ಬಂಗಾರ ಹಾಕುತ್ತೇನೆ, ತಾಮ್ರ ಬೆಳ್ಳಿ ಬೆರೆತದ್ದು ಗಟ್ಟಿ ಇರುತ್ತದೆ ಎಂದೆ.

"ಅವ್ವನ ಬಂಗಾರಕ್ಕ ತಾಮ್ರಾ ಕೂಡಸ್ತೀರಾ? ಬ್ಯಾಡ್ರೀ ಅಕ್ಕಾ."

ಅಕ್ಕಸಾಲಿ ಅಕ್ಕನ ಬಂಗಾರವನ್ನೂ ಬಿಡುವುದಿಲ್ಲ ಎಂಬ ಗಾದೆ ಯಾರ ಮನಸ್ಸಿನಲ್ಲಿರುವುದಿಲ್ಲ? ಆಕೆ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅವಳ ಇಷ್ಟದಂತೆ ಅವಳ ಅವ್ವನ ಬಂಗಾರದಷ್ಟೇ ಶುದ್ಧದ ಬಂಗಾರದಲ್ಲೇ ಉಗುರುಗಳನ್ನು ದಪ್ಪ ಮಾಡಿ ಕೊಟ್ಟೆ. ಇಪ್ಪತ್ತೆರಡು ಕ್ಯಾರೆಟ್ಟಿನ ಬಂಗಾರ ನೋಡುವುದಕ್ಕೆ ಚೆಂದ, ಕೆಲಸದ ಕೈಗೆ ಮೇಣ. ಗೊತ್ತಿದ್ದೂ ಮಾಡಿದೆ. ಕೆಲಸ ಮುಗಿಯುವವರೆಗೆ ಆಕೆ ಕೂತು ಮಾತಾಡಿದಳು, ಅವಳು ಹೋದ ಮೇಲೆ ಅಂಗಡಿಯಲ್ಲಿ ಏನೋ ಒಂದು ಕಡಿಮೆಯಾದಂತೆ ಅನಿಸಿತು.

ಕೆಲವು ದಿನಗಳಲ್ಲೇ ಮತ್ತೆ ಬಂದಳು. ಒಂದು ಉಗುರು ಮೇಲೆದ್ದಿತ್ತು, ಹರಳು ಅಲ್ಲಾಡುತ್ತಿತ್ತು. ನಾನು ಹೇಳಿರಲಿಲ್ಲವೇ ಎಂದುಕೊಂಡೆ. ಸಂದಿಯಲ್ಲಿ ಹಿಟ್ಟಿನ ಚೂರೂ ಇತ್ತು. ಇನ್ನು ಉಗುರಿನ ಸಹವಾಸ ಬೇಡವೆಂದು ಹರಳಿನ ಸುತ್ತ ಪೂರ್ತಿ ಗೋಡೆ ಎಬ್ಬಿಸಿದೆ. ಉಗುರಿನ ಹಿಡಿತ ನಾಲ್ಕು ಕಡೆ ಮಾತ್ರ, ಗೋಡೆಯ ಹಿಡಿತ ಸುತ್ತಲೂ. ಒಂದು ಕಡೆ ಸವೆದರೂ ಉಳಿದ ಕಡೆ ಹಿಡಿದಿರುತ್ತದೆ. ಬಂಗಾರ ಮಾತ್ರ ಅದೇ ಮೆತ್ತನೆಯದು, ತಳವೂ ಅದೇ ತೆರೆದದ್ದು. ಅದಕ್ಕೆ ಆಕೆ ಬಗ್ಗಲೇ ಇಲ್ಲ.

ಆ ಸಲ ಬಹಳ ಹೊತ್ತು ಕೂತಳು. ಅತ್ತೆಗೆ ಕನ್ನಡ ಬರುವುದಿಲ್ಲವಂತೆ. ಒಲೆಯ ಮುಂದೆ ಗುನುಗಿದರೂ "ಕೋಣಾಲಾ ಶಿವ್ಯಾ ದೇತೇಸ್?" ಎನ್ನುತ್ತಾಳಂತೆ, ಯಾರಿಗೆ ಬೈಯುತ್ತಿದ್ದೀಯೆ ಎಂದು. ಗಂಡ ಲೋಹಾರಾದಲ್ಲಿ ಕಾಳಿನ ವ್ಯಾಪಾರಿಯ ಹತ್ತಿರ ಹಮಾಲರ ಮೇಲ್ವಿಚಾರಣೆಗೆ ಇದ್ದಾನಂತೆ, ತಿಂಗಳಿಗೊಮ್ಮೆ ಬಂದರೆ ಬಂದ. "ಅಂವಾ ಬಂದ್ರೂ ಅಂವನ ಮಾರಿ ನೋಡ್ಲಿಕ್ಕ ನನಗ ಟೈಮ್ ಎಲ್ಲದ ರೀ, ತವಾದ ಮಾರಿ ನೋಡೂದೇ ಆಯ್ತು," ಎಂದು ನಕ್ಕಳು. ನಾನೂ ನಕ್ಕೆ. ಬಹಳ ದಿನಗಳ ಮೇಲೆ ನನ್ನ ಅಂಗಡಿಯಲ್ಲಿ ಎರಡು ದನಿ ನಕ್ಕವು.

ಮೂರನೆಯ ಸಲ ಹರಳು ಪೂರ್ತಿ ಕೈಗೆ ಬಂದಿತ್ತು.

ನನ್ನ ಮುಖಕ್ಕೆ ಹೊಡೆದಂತಾಯಿತು. ಉಗುರು ಎದ್ದರೆ ಬಂಗಾರದ ತಪ್ಪು ಎನ್ನಬಹುದು. ಗೋಡೆಯೊಳಗಿಂದ ಹರಳು ಹೊರಬಂದರೆ ಅದು ಕೂಡಿಸಿದವಳ ತಪ್ಪೇ. ಆ ಭಾನುವಾರ ಗಂಡನಿಗೆ ಬಾಯಿತಪ್ಪಿ ಹೇಳಿಬಿಟ್ಟೆ. ಅವರಿಗೆ ಅದೇ ಬೇಕಿತ್ತು.

"ಕಣ್ಣು ಮಂದ್ ಆಗ್ಯಾವ ನಿಂದು. ಹಟಾ ಸಾಕು, ಅಂಗಡಿ ಮುಚ್ಚಿ ಬಾ. ಇಲ್ಲಿ ನಳಾ ದಿನಾ ಬರ್ತದ."

"ನಳದಾಗ ನೀರ್ ಬರ್ತದ. ಕೆಲಸಾ ಬರ್ತದೇನು ನನಗ?" ಎಂದು ಫೋನಿಟ್ಟೆ. ಆದರೆ ಮಾತು ಕೊರೆಯತೊಡಗಿತು. ನಿಜವಾಗಿಯೂ ಕಣ್ಣು ಹೋಗಿರಬಹುದೇ? ಈ ಒಂದು ಹರಳನ್ನು ನಿಲ್ಲಿಸಲಾಗದಿದ್ದರೆ ನಾನು ಇಲ್ಲಿ ಯಾಕೆ ಒಬ್ಬಳೇ ಕೂತಿದ್ದೇನೆ? ಇದು ನಿಂತರೆ ಉಳಿಯುವುದು, ನಿಲ್ಲದಿದ್ದರೆ ಬಾಗಿಲು ಹಾಕಿ ಪುಣೆಯ ಬಸ್ಸು ಹತ್ತುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಈ ಸಲ ಉಂಗುರ, ಹರಳು ಎರಡನ್ನೂ ಇಟ್ಟುಕೊಂಡು ಆಕೆಯನ್ನು ಕಳಿಸಿದ್ದೆ. ಹಗಲ ಬೆಳಕಿನಲ್ಲಿ ಕಿಟಕಿಯ ಬಳಿ ಕೂತು ನೋಡಿದೆ. ವಿಚಿತ್ರವೆಂದರೆ ಸಂದಿಯಲ್ಲಿ ಹಿಟ್ಟೇ ಇರಲಿಲ್ಲ. ಹರಳಿನ ಒಳಗೆ ಒಂದು ಬದಿಯಿಂದ ಕೂದಲಿನಷ್ಟು ತೆಳು ಗೆರೆ ಮೂಡಿತ್ತು. ತಳದಲ್ಲಿ ಬೂದು ಬಣ್ಣದ ಚಿಕ್ಕ ಗೀರುಗಳು. ಏನೆಂದು ತಿಳಿಯದೆ ಉದಗೀರಿಗೆ ಹೊರಟೆ. ಅಲ್ಲಿ ನಮ್ಮಪ್ಪನ ಕಾಲದಿಂದ ಹರಳಿನ ವ್ಯಾಪಾರ ಮಾಡುವ ಮುದುಕರೊಬ್ಬರಿದ್ದರು. ಬೆರಕೆಯ ಗಟ್ಟಿ ಬಂಗಾರದ ತಗಡೂ ಅವರಲ್ಲೇ ಸಿಗುತ್ತಿತ್ತು.

ಬಸ್ಸು ವಲಾಂಡಿಯಲ್ಲಿ ನಿಂತಾಗ ಕೊಡಗಳನ್ನು ಹಿಡಿದ ಹೆಂಗಸರು ಹತ್ತಿದರು, ಮುಂದಿನ ಊರಿನಲ್ಲಿ ನೀರಿದೆಯಂತೆ. ಖಾಲಿ ಕೊಡಗಳು ದಾರಿಯುದ್ದಕ್ಕೂ ಗಲಗಲ ಎನ್ನುತ್ತಿದ್ದವು. ನನ್ನ ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಇತ್ತು, ಅದರ ಮೇಲೂ ಒಂದು ಕೊಡ ಕೂತಿತ್ತು.

ಮುದುಕರು ಹರಳನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ಬಾಲ್ ಬಿದ್ದದ ಬೇಟಿ," ಎಂದರು. ಹರಳಿನೊಳಗಿನ ಕೂದಲಗೆರೆಗೆ ಅವರು ಬಾಲ್ ಎನ್ನುತ್ತಾರೆ. "ಪಹಿಲೆ ಸಣ್ಣದಿತ್ತು, ಈಗ ಬೆಳದದ. ಇನ್ನೊಮ್ಮಿ ಕೂಡ್ಸಿದ್ರ ತಡೀತದ. ಅದರ್ ಮ್ಯಾಲ ತಗದು ಕೂಡ್ಸಿದ್ರ ಎರಡು ಹೋಳು ಆಗ್ತದ, ನನಗ ಅನ್ಬ್ಯಾಡ."

ತಳದ ಬೂದು ಗೀರುಗಳನ್ನು ತೋರಿಸಿದೆ. ಅವರು ಬಟ್ಟೆಗೆ ಒಂದಿಷ್ಟು ಆಮ್ಲ ಹಚ್ಚಿ ಒರೆಸಿದರು. ಗೀರು ಹೋಯಿತು.

"ಇದು ಗೀರಲ್ಲ. ಕೆಂಪಿಗಿ ಉಕ್ಕು ಗೀರೂದಿಲ್ಲ, ಕೆಂಪೇ ಉಕ್ಕಿಗಿ ಸವಸ್ತದ. ಉಕ್ಕಿನ ಮೊನಿ ತಿಕ್ಕಿದ್ದರ ಗುರ್ತು ಇದು. ನಿನ್ ಹತಾರಾ ತಳಕ್ಕ ಹತ್ತಿತ್ತೇನು?"

ಇಲ್ಲ. ನನ್ನ ಉಪಕರಣ ಮೇಲಿನಿಂದ ಗೋಡೆಯನ್ನು ಮಾತ್ರ ಒತ್ತುತ್ತದೆ, ತಳದ ಕಡೆ ಹೋಗುವುದೇ ಇಲ್ಲ. ಉತ್ತರ ಹೊಳೆಯದೆ ಹದಿನೆಂಟು ಕ್ಯಾರೆಟ್ಟಿನ ತಗಡು ತೆಗೆದುಕೊಂಡು ಮರಳಿದೆ. ಈ ಸಲ ಆಕೆ ಒಪ್ಪಲಿ ಬಿಡಲಿ, ಗೋಡೆಗೆ ಬೆರಕೆ ಬಂಗಾರವೇ, ತಳ ಮುಚ್ಚುವುದೇ. ಹೇಳಿ ಒಪ್ಪಿಸೋಣವೆಂದು ಮರುದಿನ ನಾನೇ ಖಾನಾವಳಿಗೆ ಹೋದೆ. ಹೇಗೆ ರೊಟ್ಟಿ ಬಡಿಯುತ್ತಾಳೆ ಎಂದೂ ನೋಡಬೇಕಿತ್ತು. ಕೈ ನೋಡದೆ ಉಂಗುರ ಮಾಡಬಾರದು ಎನ್ನುತ್ತಿದ್ದರು ನಮ್ಮಪ್ಪ, ನಾನು ಅದನ್ನೇ ಬಿಟ್ಟಿದ್ದೆ.

ಅತ್ತೆ ಗಲ್ಲೆಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಜೋಳದ ರೊಟ್ಟಿ, ಬೇಳೆ ಹೇಳಿ ಒಲೆ ಕಾಣುವ ಮೂಲೆಯಲ್ಲಿ ಕೂತೆ. ಸೊಸೆ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು, ಮಾತಾಡಲಿಲ್ಲ. ಬಲಗೈ ಹಿಟ್ಟನ್ನು ಬಡಿಯುತ್ತ ತಿರುಗಿಸುತ್ತಿತ್ತು, ಎಡಗೈ ಅಂಚು ಕಾಯುತ್ತಿತ್ತು. ಉಂಗುರದ ಬೆರಳು ಪ್ರತಿ ಪೆಟ್ಟಿಗೂ ಕಲ್ಲಿಗೆ ತಾಗುತ್ತಿತ್ತು. ಆದರೆ ಅದೇ ಬೆರಳಿನಲ್ಲಿ ಉಂಗುರ ಕೂತಿದ್ದ ಬಿಳಿ ಗುರುತು ಇರಲಿಲ್ಲ. ನನ್ನ ಹತ್ತಿರ ಉಂಗುರ ಇದ್ದದ್ದು ನಾಲ್ಕೈದೇ ದಿನ. ವರ್ಷಗಟ್ಟಲೆ ದಿನವಿಡೀ ತೊಟ್ಟ ಉಂಗುರದ ಗುರುತು ಅಷ್ಟು ಬೇಗ ಮಾಸುವುದಿಲ್ಲ. ಅಂದರೆ ಆಕೆ ಕೆಲವು ವಾರಗಳಿಂದ ಕೆಲಸದ ಹೊತ್ತಿನಲ್ಲಿ ಉಂಗುರ ತೊಡುತ್ತಲೇ ಇರಲಿಲ್ಲ. ಅವಳ ಸೆರಗಿನ ತುದಿ ನೋಡಿದೆ. ಗಂಟು ಹಾಕಿ ಹಾಕಿ ಅಲ್ಲಿ ಬಟ್ಟೆ ಸುಕ್ಕುಗಟ್ಟಿತ್ತು. ಬಳೆಗೆ ಪಿನ್ನುಗಳನ್ನು ಸಿಕ್ಕಿಸಿಕೊಂಡಿದ್ದಳು, ಒಂದರ ಮೊನೆ ಸೊಟ್ಟಗಾಗಿತ್ತು.

ತೆರೆದ ತಳದಿಂದ ಪಿನ್ನು ಹಾಕಿ ಹರಳನ್ನು ಮೇಲಕ್ಕೆ ಎತ್ತಿದವಳು ಈಕೆಯೇ.

ಮೈಯೆಲ್ಲ ಉರಿದುಹೋಯಿತು. ನನ್ನ ಹೆಸರು, ನನ್ನ ನಿದ್ದೆ, ಗಂಡನ ಆ ಮಾತು! ಎದ್ದು ಹೋಗಿ ಕೇಳಿಯೇಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಸೊಸೆ ಗಲ್ಲೆಯ ಹತ್ತಿರ ಹೋಗಿ ಏನೋ ಕೇಳಿದಳು. ಸಂಜೆ ಗುಡಿಗೆ ಹೋಗಿಬರಲೇ ಎಂದಿರಬೇಕು. ಅತ್ತೆ ತಲೆಯೆತ್ತದೆ ಬೇಡ ಎಂದಳು, ರೊಟ್ಟಿ ಯಾರು ಬಡಿಯುತ್ತಾರೆ ಎಂದಳು. ಸೊಸೆ ಒಲೆಗೆ ಹಿಂತಿರುಗಿದಳು. ಆಮೇಲೆ ಅತ್ತೆಗೆ ನಾನು ಯಾರೆಂದು ಗೊತ್ತಾಯಿತು. ಉಂಗುರ ಆಯಿತೇ ಎಂದು ಮರಾಠಿಯಲ್ಲಿ ಕೇಳಿದಳು. ನಾಳೆ ಆಗುತ್ತದೆ, ಸೊಸೆ ಬಂದು ಅಳತೆ ಕೊಡಬೇಕು ಎಂದೆ.

"ಮಗ ಜಾ ಉದ್ಯಾ," ಎಂದು ಒಲೆಯ ಕಡೆ ಕೂಗಿದಳು ಅತ್ತೆ, ಹಾಗಾದರೆ ನಾಳೆ ಹೋಗು ಎಂದು. "ಲವ್ಕರ್ ಯೇ." ಬೇಗ ಬಾ ಎಂದು.

ಗುಡಿಗೆ ಬಿಡದವಳು ಪತ್ತಾರರ ಅಂಗಡಿಗೆ ಬಿಡುತ್ತಿದ್ದಳು. ಖಾನಾವಳಿಯ ಹೆಸರು ಕೆಟ್ಟೀತೆಂಬ ಹೆದರಿಕೆಗೆ ಬಿಡುತ್ತಿದ್ದಳು. ಸೊಸೆ ಬಗ್ಗಿ ಹಿಟ್ಟು ನಾದುತ್ತಿದ್ದಳು, ಆದರೂ ಅವಳ ಕೆನ್ನೆಯಲ್ಲಿ ನಗು ಕಂಡಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನೂ ಅವಳ ದಾರಿ ಕಾಯುತ್ತಿದ್ದೆನಲ್ಲ. ಕಟ್ಟೆಯ ಮೇಲೆ ಹೆಜ್ಜೆ ಸಪ್ಪಳವಾದರೆ ಆಕೆಯೇ ಇರಬಹುದೆಂದು ತಲೆಯೆತ್ತುತ್ತಿದ್ದೆನಲ್ಲ.

ಮರುದಿನ ಹೊತ್ತೇರುವ ಮೊದಲೇ ಬಂದಳು. ಪಿನ್ನಿನ ಮಾತು ಎತ್ತಲಿಲ್ಲ ನಾನು. ಹರಳನ್ನು ಕೈಗೆ ಕೊಟ್ಟು ಒಳಗಿನ ಗೆರೆ ತೋರಿಸಿದೆ. ಇನ್ನೊಮ್ಮೆ ಕಳಚಿದರೆ ಒಡೆಯುತ್ತದೆ ಎಂದೆ. ಆಕೆಯ ಮುಖ ಬಿಳಿಚಿತು.

"ಒಡೀತದಾ? ಅವ್ವನ ಹರಳಾ?"

"ಹೂಂ. ಇದೇ ಕಡೀ ಸಲ. ಅದಕ್ಕ ನಾ ಹೇಳಿದಂಗ ಮಾಡ್ಲಿಕ್ಕ ಬಿಡ್ಬೇಕು."

ನಾನು ವಿವರಿಸಿದೆ. ಗೋಡೆ ಮಾತ್ರ ಬೆರಕೆ ಬಂಗಾರದ್ದು. ಬೆಳ್ಳಿ ಬೇಡ, ಅದು ಮೆತ್ತಗೆ, ಬೋರಿನ ನೀರಿಗೆ ಕಪ್ಪಾಗುತ್ತದೆ. ಬರೀ ತಾಮ್ರವೂ ಬೇಡ, ಕಿಲುಬು ಹಿಡಿಯುತ್ತದೆ. ಬಂಗಾರದೊಳಗೆ ಹದವಾಗಿ ಬೆರೆತರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ. ಬೆರಳಿನ ಸುತ್ತಿನ ಬಳೆ ಅವ್ವನ ಬಂಗಾರವೇ ಇರಲಿ. ತಳ ಮುಚ್ಚುವ ತಗಡನ್ನೂ ನಾನು ಎತ್ತಿಟ್ಟಿದ್ದ ಹಳೆಯ ಉಗುರುಗಳ ಚೂರು ಕರಗಿಸಿ ಅವ್ವನ ಬಂಗಾರದಲ್ಲೇ ಮಾಡುತ್ತೇನೆ.

"ಹರಳು ಅವ್ವನ ಬಂಗಾರಕ್ಕ ಹತ್ತಿರ್ತದ, ಅವ್ವನ ಬಂಗಾರ ನಿನ್ ಮೈಗ ಹತ್ತಿರ್ತದ. ಇನ್ನೇನ್ ಬೇಕು ನಿನಗ?"

ಆಕೆ ತಲೆಯಾಡಿಸಿದಳು. ಕಣ್ಣು ತುಂಬಿದ್ದವು.

ಬೆಂಕಿಯ ಕೆಲಸವನ್ನೆಲ್ಲ ಹರಳು ಹೊರಗಿರುವಾಗಲೇ ಮುಗಿಸಬೇಕು. ಬಿರುಕಿರುವ ಹರಳಿಗೆ ಬಿಸಿ ತಾಗಿದರೆ ಮುಗಿಯಿತು. ಮೊದಲು ತಳದ ತಗಡನ್ನು ಬೆಸೆದೆ, ಆಮೇಲೆ ಗೋಡೆಯನ್ನು. ಗೋಡೆಯ ಒಳಗೆ ಹರಳು ಕೂರುವುದಕ್ಕೆ ಚಿಕ್ಕ ಮೆಟ್ಟಿಲು ಕೆತ್ತಿದೆ. ಹರಳು ಇಟ್ಟು ನೋಡುವುದು, ತೆಗೆಯುವುದು, ಎಳೆಯಷ್ಟು ಕೆರೆಯುವುದು, ಮತ್ತೆ ಇಡುವುದು. ಮೆಟ್ಟಿಲು ಒಂದು ಕಡೆ ಉಬ್ಬಿದ್ದರೂ ಮೇಲಿನಿಂದ ಒತ್ತುವಾಗ ಹರಳಿನ ಬೆನ್ನು ಮುರಿಯುತ್ತದೆ. ಕೊನೆಗೆ ಹರಳು ತೊಟ್ಟಿಲಲ್ಲಿ ಮಲಗಿದಂತೆ ಕೂತಿತು, ಉಂಗುರ ಅಲ್ಲಾಡಿಸಿದರೂ ಸದ್ದಿಲ್ಲ.

ಇನ್ನು ಅರಗು. ಉಂಗುರವನ್ನು ಅರಗಿನಲ್ಲಿ ಹೂತು ಹಿಡಿದೇ ಗೋಡೆಯನ್ನು ಒತ್ತಬೇಕು. ಆ ಬೇಸಿಗೆಯ ಬಿಸಿಗೆ ಅರಗು ಬೆಳಗ್ಗೆಯೇ ಮೆತ್ತಗಾಗುತ್ತಿತ್ತು, ಒತ್ತಿದರೆ ಉಂಗುರವೇ ಜಾರುತ್ತಿತ್ತು. ಕುಡಿಯುವ ನೀರಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ, ಅರಗಿನ ಕಟ್ಟಿಗೆಯನ್ನು ಅದಕ್ಕೆ ಆನಿಸಿ ತಣ್ಣಗೆ ಮಾಡಿದೆ. ಬಟ್ಟೆ ನೆನೆಸಿದ ನೀರು ಆ ದಿನದ ನನ್ನ ಸ್ನಾನದ್ದು. ಬಿರುಕಿನ ಎರಡು ತುದಿಗಳು ಎಲ್ಲಿ ಬರುತ್ತವೆಂದು ಗೋಡೆಯ ಮೇಲೆ ಗುರುತು ಹಾಕಿಕೊಂಡೆ. ಅಲ್ಲಿ ಕೊನೆಯವರೆಗೂ ಒತ್ತಬಾರದು. ಮೊದಲು ಒಂದು ಕಡೆ ಒತ್ತಿದೆ, ನಂತರ ಎದುರು ಕಡೆ. ಆಮೇಲೆ ನಡುವೆ, ಅದರ ಎದುರು. ಒಂದೇ ಕಡೆ ಒತ್ತುತ್ತ ಹೋದರೆ ಹರಳು ವಾಲುತ್ತದೆ.

ಆಕೆ ಬಾಗಿ ನೋಡುತ್ತಿದ್ದಳು. ಹಾಗಿರುವಾಗ 'ಟಿಕ್' ಎಂದಿತು.

ಮಸೂರ ಎತ್ತಿಕೊಳ್ಳಲು ನನ್ನ ಕೈಗೆ ಧೈರ್ಯ ಬರಲಿಲ್ಲ. ಮೂವತ್ತು ವರ್ಷ ಹರಳು ಕೂಡಿಸಿದವಳು ನಾನು, ಆ ಕ್ಷಣ ನಮ್ಮಪ್ಪನನ್ನು ನೆನೆದೆ. ನೋಡಿದರೆ ಸೀಳಿದ್ದು ಅರಗು. ಅತಿಯಾಗಿ ತಣ್ಣಗಾಗಿ ಅದಕ್ಕೇ ಬಿರುಕು ಬಿಟ್ಟಿತ್ತು. ಹರಳಿನ ಗೆರೆ ಎಷ್ಟಿತ್ತೋ ಅಷ್ಟೇ ಇತ್ತು.

ಉಳಿದ ಒತ್ತುವಿಕೆ ಮುಗಿಸಿ, ನುಣುಪಾದ ಉಕ್ಕಿನಿಂದ ಗೋಡೆಯ ಅಂಚನ್ನು ಸುತ್ತಲೂ ಉಜ್ಜಿದೆ. ಬೆಂಕಿ ಕಂಡ ಬಂಗಾರ ಮೆತ್ತಗಿರುತ್ತದೆ, ಉಜ್ಜಿ ಉಜ್ಜಿ ಪೆಟ್ಟು ತಿಂದ ಮೇಲೆ ಗಟ್ಟಿಯಾಗುತ್ತದೆ. ಬೆರಳ ಉಗುರು ಕೂಡ ಸಿಕ್ಕದ ಹಾಗೆ ಅಂಚು ಹರಳಿನ ಮೇಲೆ ಮಡಿಚಿಕೊಂಡಿತು. ಅಷ್ಟು ಒಳ್ಳೆಯ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಕಣ್ಣು ಹೋಗಿರಲಿಲ್ಲ, ಕೈಯೂ ಹೋಗಿರಲಿಲ್ಲ. ಪುಣೆಗೆ ಹೋಗುವ ಮಾತು ಮುಗಿಯಿತು ಎಂದುಕೊಂಡೆ.

ಉಂಗುರ ತೊಡಿಸಿದೆ. ಆಕೆ ಬೆರಳಿನಿಂದ ತಳ ಸವರಿದಳು. ತೂತಿಲ್ಲ.

"ಇನ್ನ ಇದು ಯಾತಕ್ಕೂ ಬಗ್ಗೂದಿಲ್ಲ ತಂಗಿ," ಎಂದೆ. "ಪಿನ್ನಿಗೂ."

ಆಕೆಯ ಕೈ ತಟ್ಟನೆ ಸೆರಗಿನೊಳಗೆ ಹೋಯಿತು. ತಲೆ ತಗ್ಗಿಸಿದಳು. ಅತ್ತಾಳು ಎಂದುಕೊಂಡೆ, ಅಳಲಿಲ್ಲ. ನೆಲ ನೋಡುತ್ತಲೇ ಕೇಳಿದಳು.

"ಇನ್ನ ನಾ ಏನಂತ ಹೇಳಿ ಬರ್ಲಿ ಅಕ್ಕಾ?"

ಒಂದು ಹರಳು ಭದ್ರವಾಗಿ ಕೂತಿತ್ತು, ಆಕೆಗಿದ್ದ ಒಂದೇ ಬಾಗಿಲು ಮುಚ್ಚಿತ್ತು. ಅದನ್ನು ಮುಚ್ಚಿದವಳು ನಾನೇ, ಎಷ್ಟೊಂದು ಚೆನ್ನಾಗಿ ಮುಚ್ಚಿದ್ದೆ! ಎದ್ದು ಅಂಗಡಿಗೆ ಬೀಗ ಹಾಕಿದೆ.

"ನಡಿ, ನಿಮ್ಮತ್ತಿ ಹಂತೇಕ ನಾ ಬರ್ತೀನಿ."

ಆಕೆ ಹೆದರಿ ನನ್ನ ಮುಖ ನೋಡಿದಳು. ಹೇಳಿಬಿಡುತ್ತೇನೆ ಎಂದುಕೊಂಡಿರಬೇಕು. ದಾರಿಯುದ್ದಕ್ಕೂ ನನ್ನ ಹಿಂದೆಯೇ ಬಂದಳು.

ಖಾನಾವಳಿಯಲ್ಲಿ ಊಟದ ಹೊತ್ತು, ಗಿರಾಕಿಗಳು ತುಂಬಿದ್ದರು. ಗಲ್ಲೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದೆ: ಉಂಗುರ ಆಗಿದೆ, ಆದರೆ ನನ್ನ ಕೆಲಸ ಕಚ್ಚಾ, ಹರಳು ಯಾವಾಗ ಸಡಿಲಾಗುತ್ತದೋ ಹೇಳಲಾರೆ. ವಾರಕ್ಕೊಮ್ಮೆ ತಪ್ಪದೆ ತಂದು ತೋರಿಸಬೇಕು, ಇಲ್ಲದಿದ್ದರೆ ಮತ್ತೆ ರೊಟ್ಟಿಗೆ ಬಿದ್ದೀತು.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ತೂ ಕಸಲೀ ಸೋನಾರೀಣ?" ಎಂದಳು, ನೀನು ಎಂಥ ಪತ್ತಾರಳು ಎಂದು. ಗಿರಾಕಿಗಳಲ್ಲಿ ಯಾರೋ ನಕ್ಕರು. ಉಮರ್ಗಾದ ಪತ್ತಾರನ ಹತ್ತಿರ ಮಾಡಿಸಿದ್ದರೆ ಒಂದೇ ಸಲಕ್ಕೆ ಆಗುತ್ತಿತ್ತು, ಗಂಡ ಊರು ಬಿಟ್ಟ ಮೇಲೆ ಹೆಂಗಸಿಗೆ ಯಾಕೆ ಬೇಕು ಈ ಕಸುಬು ಎಂದೂ ಅಂದಳು. ನನ್ನ ಕಿವಿ ಬೆಚ್ಚಗಾದವು. ಈಗಷ್ಟೇ ಮಾಡಿ ಮುಗಿಸಿದ ಆ ಕೆಲಸವನ್ನು ಅವಳ ಕಣ್ಣೆದುರು ಹಿಡಿದು, ಸುತ್ತಿಗೆಯಿಂದ ಹೊಡೆದು ನೋಡು ಎನ್ನಬೇ‌ಕೆನಿಸಿತು. ಉಮರ್ಗಾದವನು ಮಾಡಿದರೂ ಮಾಡಿದವರೇ ನೋಡಬೇಕಲ್ಲ ತಾಯಿ, ಇದು ನಾನು ಮಾಡಿದ್ದು, ನಾನೇ ನೋಡಬೇಕು ಎಂದಷ್ಟೇ ಹೇಳಿದೆ.

ಅತ್ತೆ ಗಿರಾಕಿಗಳ ಕಡೆ ನೋಡಿದಳು, ಸೊಸೆಯ ಕೈ ನೋಡಿದಳು. ಸೋಮವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಕಳಿಸುತ್ತೇನೆ ಎಂದಳು.

ಮಾತು ಊರೆಲ್ಲ ಹರಡಲು ಒಂದು ದಿನವೂ ಬೇಕಾಗಲಿಲ್ಲ. ಬರುತ್ತಿದ್ದ ಕೆಲವರು ಬರುವುದು ಬಿಟ್ಟರು. ಪುಣೆಗೂ ಯಾರೋ ಮುಟ್ಟಿಸಿದರು. "ನಿನ್ ಕೆಲಸಾ ಕಚ್ಚಾ ಅಂತ ನೀನೇ ಹೇಳಿದೆಂತ, ಖರೇನಾ?" ಎಂದು ಗಂಡ ಕೇಳಿದರು. ಖರೇ ಎಂದೆ. ಅವರು ಬಾ ಎಂದು ಮತ್ತೆ ಕರೆಯಲಿಲ್ಲ. ಬಹುಶಃ ಕರೆದರೂ ಬರುವವಳಲ್ಲವೆಂದು ತಿಳಿದಿರಬೇಕು. ಆ ವಾರ ಅಂಗಡಿಯಲ್ಲಿ ಸುತ್ತಿಗೆಯ ಸದ್ದೇ ಇರಲಿಲ್ಲ. ಅವಮಾನ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಬ್ಬಳೇ ಕೂತು ಅತ್ತಿದ್ದೇನೆ.

ಸೋಮವಾರ ಮಧ್ಯಾಹ್ನ ಕಟ್ಟೆಯ ಮೇಲೆ ಹೆಜ್ಜೆ ಸಪ್ಪಳವಾಯಿತು. ಆಕೆ ಬಂದು ಕೂತಳು, ಉಂಗುರ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬೆಳಕಿಗೆ ಹಿಡಿದು ಮಸೂರ ಕಣ್ಣಿಗೆ ಒತ್ತಿದೆ. ಹರಳು ಬಂಡೆಯಲ್ಲಿ ನೆಟ್ಟ ಹಾಗೆ ಕೂತಿತ್ತು. ಸುತ್ತಲೂ ತಿರುಗಿಸಿ ಬಹಳ ಹೊತ್ತು ನೋಡಿದೆ.

"ಹ್ಯಾಂಗದ ರೀ ಅಕ್ಕಾ?" ಎಂದಳು, ನಗು ತಡೆದುಕೊಂಡು.

"ಇನ್ನಾ ಭರವಸಿ ಇಲ್ಲ ತಂಗಿ," ಎಂದೆ. "ಬರೂ ಸೋಮವಾರನೂ ತೊಗೊಂಡ್ ಬಾ."